ಒಂದು ಕೆರೆ, ಹಲವು ಮಂತ್ರಿಗಳು

ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು? ಸಚಿವ ಸಂಪುಟ ರಚನೆಯಾದಾಗಲೆಲ್ಲ ನಮ್ಮಲ್ಲಿ ಚರ್ಚೆಯಾಗುವುದು ಇಷ್ಟೇ. 2023ರ ಮೇ 20ರಂದು ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರೊಂದಿಗೆ ಎಂಟು ಮಂದಿ, ಮೇ 27ರಂದು ಮತ್ತೆ 24 ಮಂದಿ ಪ್ರಮಾಣವಚನ ಸ್ವೀಕರಿಸಿದರು. ಒಂದೇ ವಾರದಲ್ಲಿ 34 ಸ್ಥಾನಗಳೂ ಭರ್ತಿಯಾದವು. ಆಗಲೂ ನಡೆದದ್ದು ಜಾತಿವಾರು, ಜಿಲ್ಲಾವಾರು ಲೆಕ್ಕಾಚಾರವೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಚಿಂತಾಮಣಿಯ ಡಾ. ಎಂ.ಸಿ. ಸುಧಾಕರ್ ಸಚಿವರಾದರು. ಅವರಿಗೆ ಉನ್ನತ ಶಿಕ್ಷಣ ಖಾತೆಯ ಜೊತೆಗೆ ಜಿಲ್ಲಾ ಉಸ್ತುವಾರಿಯೂ ಬಂತು. ಜಿಲ್ಲೆಗೊಂದು ಸ್ಥಾನ ಸಿಕ್ಕಿತಲ್ಲ ಎಂದು ನಾವು ಸಮಾಧಾನಪಟ್ಟೆವು. ಯಾವ ಖಾತೆ ಯಾರ ಕೈಗೆ ಹೋಯಿತು, ಏಕೆ ಹೋಯಿತು ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ನಮ್ಮ ಸಂಪುಟ ರಚನೆ ಸೋಲುವುದು ಆ ಎರಡನೆಯ ಹಂತದಲ್ಲಿಯೇ.

ಮೊದಲನೆಯ ಹಂತವನ್ನು, ಅಂದರೆ ಜಾತಿ ಮತ್ತು ಪ್ರದೇಶಗಳ ಲೆಕ್ಕವನ್ನು, ಹೀಗಳೆಯುವುದು ಸುಲಭ. ನಾನು ಹೀಗಳೆಯಲಾರೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ಸಾಮರ್ಥ್ಯವನ್ನು ಯಾರೂ ಪ್ರಶ್ನಿಸಲಾರರು. ಆದರೆ ಅವರು ಉತ್ತರ ಕೊಡಬೇಕಾಗಿದ್ದದ್ದು ಮಹಾರಾಜರಿಗೆ, ಪ್ರಜೆಗಳಿಗಲ್ಲ. ಅದೇ ಸೀಮೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆ ಹೋರಾಟ ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು. 1947ರ ಅಕ್ಟೋಬರಿನಲ್ಲಿ ಅವಿಭಜಿತ ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಜನಪ್ರತಿನಿಧಿ ಸಂಪುಟ ರಚಿಸಿದ್ದು ಆ ಬಲಿದಾನಗಳ ಫಲ. ಹಾಗಾಗಿ ಮಂತ್ರಿಮಂಡಲದಲ್ಲಿ ಎಲ್ಲ ಸಮುದಾಯ, ಎಲ್ಲ ಸೀಮೆಯವರೂ ಇರಬೇಕೆಂಬ ಹಟ ನ್ಯಾಯವಾದದ್ದು. 34 ಮಂದಿಯಲ್ಲಿ ಮಹಿಳೆ ಲಕ್ಷ್ಮೀ ಹೆಬ್ಬಾಳ್ಕರ್ ಒಬ್ಬರೇ ಆದದ್ದು ಆ ಲೆಕ್ಕವನ್ನೂ ನಾವು ಅರ್ಧಕ್ಕೇ ನಿಲ್ಲಿಸಿದ್ದೇವೆ ಎಂಬುದಕ್ಕೆ ಸಾಕ್ಷಿ.

ಖಾತೆ ಹಂಚಿಕೆಯ ಕತೆ ಬೇರೆ. ಸಂವಿಧಾನದ 2003ರ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ವಿಧಾನಸಭೆಯ ಬಲದ ಶೇ 15ಕ್ಕೆ ಮಿತಿಗೊಳಿಸಿತು. 224 ಸದಸ್ಯರ ನಮ್ಮ ಸಭೆಗೆ ಅದು 34. ತಲೆಗಳ ಸಂಖ್ಯೆಗೆ ಮಿತಿ ಬಂತೇ ಹೊರತು ಇಲಾಖೆಗಳನ್ನು ಸೀಳುವುದಕ್ಕೆ ಬರಲಿಲ್ಲ. 34 ಜನರಿಗೂ ಏನಾದರೂ ಕೊಡಬೇಕಲ್ಲ!

ಕೋವಿಡ್ ಕಾಲವನ್ನು ನೆನೆಯಿರಿ. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಪಕ್ಷ ಬದಲಿಸಿ ಗೆದ್ದವರಲ್ಲಿ ಹತ್ತು ಮಂದಿ 2020ರ ಫೆಬ್ರುವರಿ 6ರಂದು ಮಂತ್ರಿಗಳಾದರು. ಚಿಕ್ಕಬಳ್ಳಾಪುರದ ಡಾ. ಕೆ. ಸುಧಾಕರ್ ಅವರಲ್ಲೊಬ್ಬರು. ಅವರು ಬಂದ ದಾರಿಯ ಬಗ್ಗೆ ನನ್ನ ತಕರಾರು ಇದೆ. ಆದರೆ ವೈದ್ಯರಿಗೆ ವೈದ್ಯಕೀಯ ಶಿಕ್ಷಣ ಖಾತೆ ಕೊಟ್ಟದ್ದು ಸರಿಯಾದ ಆಯ್ಕೆಯೇ. ತಪ್ಪಿದ್ದು ಬೇರೆಡೆ. ಆರೋಗ್ಯ ಖಾತೆ ಶ್ರೀರಾಮುಲು ಅವರ ಬಳಿ ಇತ್ತು. ಜಿಲ್ಲಾಸ್ಪತ್ರೆಗೆ ಒಬ್ಬ ಮಂತ್ರಿ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಇನ್ನೊಬ್ಬರು. ಸಾಂಕ್ರಾಮಿಕದ ನಡುವೆ, 2020ರ ಅಕ್ಟೋಬರಿನಲ್ಲಿ, ಎರಡೂ ಖಾತೆಗಳನ್ನು ಸುಧಾಕರ್ ಅವರೊಬ್ಬರಿಗೇ ವಹಿಸಬೇಕಾಯಿತು. ಆ ಪಾಠ ಎಷ್ಟು ದಿನ ಉಳಿಯಿತು? 2023ರಲ್ಲಿ ಮತ್ತೆ ಆರೋಗ್ಯ ದಿನೇಶ್ ಗುಂಡೂರಾವ್ ಅವರಿಗೆ, ವೈದ್ಯಕೀಯ ಶಿಕ್ಷಣ ಶರಣಪ್ರಕಾಶ ಪಾಟೀಲರಿಗೆ ಹೋಯಿತು.

ನೀರಿನ ವಿಷಯದಲ್ಲಿ ಇದು ಇನ್ನೂ ಕೆಟ್ಟದಾಗಿದೆ. ನಮ್ಮದು ನದಿಯ ನಾಲೆಯಿಲ್ಲದ, ಕೆರೆ ನಂಬಿದ ಜಿಲ್ಲೆ. ಸಾವಿರ ಅಡಿ ದಾಟಿದ ಕೊಳವೆಬಾವಿ, ಫ್ಲೋರೈಡ್ ನೀರು ಇಲ್ಲಿ ಮನೆಮಾತು. ಕಂದವಾರದಂಥ ಕೆರೆಗೆ ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತದೆ. ಆ ನೀರನ್ನು ಶುದ್ಧಿಮಾಡುವ ಜಲಮಂಡಳಿ ಬೆಂಗಳೂರು ಅಭಿವೃದ್ಧಿ ಖಾತೆಯ ಕೆಳಗಿದೆ. ಅದನ್ನು ತಂದು ಕೆರೆ ತುಂಬಿಸುವುದು, ಅಂತರ್ಜಲ ನೋಡುವುದು ಸಣ್ಣ ನೀರಾವರಿ. 2023ರಲ್ಲಿ ಅದು ರಾಯಚೂರಿನ ಎನ್.ಎಸ್. ಬೋಸರಾಜು ಅವರ ಪಾಲಾಯಿತು. ನಮ್ಮ ಕಡೆಗೆ ನೀರು ತರಬೇಕಾದ ಎತ್ತಿನಹೊಳೆ ಯೋಜನೆ ಜಲಸಂಪನ್ಮೂಲ ಇಲಾಖೆಯದು, ಆಗ ಡಿ.ಕೆ. ಶಿವಕುಮಾರ್ ಅವರಿಗೆ ಹೋದ ಖಾತೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ವ್ಯಾಪ್ತಿಗೆ ಸೇರುತ್ತವೆ. ಅವೂ ಹಳ್ಳಿಯ ಮನೆಯ ನಲ್ಲಿಯೂ ಪ್ರಿಯಾಂಕ್ ಖರ್ಗೆಯವರ ಗ್ರಾಮೀಣಾಭಿವೃದ್ಧಿ ಖಾತೆಗೆ ಬಂದವು. ಎಚ್‌ಎನ್ ವ್ಯಾಲಿ ನೀರನ್ನು ಮೂರನೇ ಹಂತದವರೆಗೂ ಶುದ್ಧೀಕರಿಸಿ ಎಂದು ಇಲ್ಲಿನ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಹೂಡುವ ಹಣ ಒಂದು ಇಲಾಖೆಯದು, ಹರಿಸುವ ಹೊಣೆ ಇನ್ನೊಂದರದು, ಕುಡಿಯುವವರ ಆರೋಗ್ಯ ಮತ್ತೊಂದರದು. ಹೀಗಿರುವಾಗ ರೈತರು ಯಾವ ಮಂತ್ರಿಯ ಬಾಗಿಲು ತಟ್ಟಬೇಕು?

ಶಿಡ್ಲಘಟ್ಟದ ರೇಷ್ಮೆ ರೈತರ ಪಾಡೂ ಇಷ್ಟೇ. 2023ರ ಅದೇ ಹಂಚಿಕೆಯಲ್ಲಿ ರೇಷ್ಮೆ ಪಶುಸಂಗೋಪನೆಯ ಜೊತೆ, ತೋಟಗಾರಿಕೆ ಗಣಿ ಖಾತೆಯ ಜೊತೆ ಸೇರಿತು. 1996ರಲ್ಲಿ ಚಿಕ್ಕಬಳ್ಳಾಪುರದ ಸಂಸದ ಆರ್.ಎಲ್. ಜಾಲಪ್ಪ ಕೇಂದ್ರದಲ್ಲಿ ಜವಳಿ ಸಚಿವರಾಗಿದ್ದರು. ರೇಷ್ಮೆ ಬೆಳೆಯುವ ಕ್ಷೇತ್ರಕ್ಕೂ ಖಾತೆಗೂ ಆಗ ನಂಟಿತ್ತು.

ಅಮೆರಿಕದಲ್ಲಿ ಸಂಪುಟದ ಸದಸ್ಯರನ್ನು ಅಧ್ಯಕ್ಷರು ಆರಿಸುತ್ತಾರೆ, ಸಂಪುಟದಲ್ಲಿರುವವರು ಸಂಸತ್ತಿನ ಸದಸ್ಯರಾಗಿರುವಂತಿಲ್ಲ. ಆರಿಸಿದವರನ್ನು ಸೆನೆಟ್ ಬಹಿರಂಗವಾಗಿ ಪ್ರಶ್ನಿಸಿ ಒಪ್ಪಬೇಕು. ಅಲ್ಲಿಯೂ ಪಕ್ಷದ ಲೆಕ್ಕ ಇದ್ದೇ ಇದೆ. ಆದರೆ ಈ ಖಾತೆ ನಿಮಗೇಕೆ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಎದುರಿಸಲೇಬೇಕು. ನಮ್ಮ ಮಂತ್ರಿಗಳು ಆ ಪ್ರಶ್ನೆಗೆ ಎಲ್ಲಿಯೂ ಉತ್ತರಿಸಬೇಕಾಗಿಲ್ಲ. ಖಾತೆಗಳನ್ನು ಒಟ್ಟುಗೂಡಿಸುವುದು ಅಸಾಧ್ಯವೆಂದೂ ಹೇಳುವಂತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಜಲಸಂಪನ್ಮೂಲ ಮತ್ತು ಕುಡಿಯುವ ನೀರಿನ ಸಚಿವಾಲಯಗಳನ್ನು ಸೇರಿಸಿ ಜಲಶಕ್ತಿ ಸಚಿವಾಲಯ ಮಾಡಿತು. ಅದರ ಯೋಜನೆಗಳ ಬಗ್ಗೆ ಟೀಕೆಗಳಿರಬಹುದು, ಆದರೆ ಆ ಕೂಡಿಸುವಿಕೆ ಸರಿಯಾದದ್ದೇ.

2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟ ನಮ್ಮ ನಂದಿ ಬೆಟ್ಟದ ಮೇಲೆ ಸಭೆ ನಡೆಸಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದೂ, ಬಾಗೇಪಲ್ಲಿಗೆ ಭಾಗ್ಯನಗರ ಎಂದೂ ಹೆಸರಿಡುವ ತೀರ್ಮಾನವಾಯಿತು. ಯೋಜನೆಗಳು ಮಂಜೂರಾದವು. ನೀರನ್ನು ಹಂಚಿಕೊಂಡ ಮಂತ್ರಿಗಳೆಲ್ಲರೂ ಕೂಡುವ ಆ ಮೇಜಿನಲ್ಲಿ ನೀರಿನ ಖಾತೆಗಳನ್ನು ಒಂದುಗೂಡಿಸುವ ತೀರ್ಮಾನ ಆಗಲಿಲ್ಲ.

ಮುಂದಿನ ಸಂಪುಟವನ್ನು ಯಾರೇ ರಚಿಸಲಿ, ಜಾತಿ, ಜಿಲ್ಲೆ, ಮಹಿಳೆ ಎಲ್ಲ ಲೆಕ್ಕವನ್ನೂ ಹಾಕಲಿ. ಆದರೆ ಜಲಸಂಪನ್ಮೂಲ, ಸಣ್ಣ ನೀರಾವರಿ, ಕುಡಿಯುವ ನೀರು ಒಬ್ಬರೇ ಮಂತ್ರಿಯ ಕೆಳಗೆ ಬರಲಿ. ಯಾವ ಖಾತೆ ಯಾರಿಗೆ, ಏಕೆ ಎಂಬುದನ್ನು ಮುಖ್ಯಮಂತ್ರಿ ಸದನದಲ್ಲಿ ಹೇಳಲಿ. ನಮ್ಮ ಐವರು ಶಾಸಕರು ಪಕ್ಷ ಬದಿಗಿಟ್ಟು ಇಷ್ಟನ್ನು ಕೇಳಬೇಕು.