ಹಿಂಡಿನ ಕುರಿ, ಹಿಂಡೊಳಗಿನ ಕುರಿ

ವಿಡಿಯೊ ಗೇಮಿನಲ್ಲಿ ಪ್ರಾಣಿಗಳ ಗುಂಪು ಕಂಡಾಗ ಹೊಸಬರ ಕಣ್ಣು ಹೋಗುವುದು ಅದರ ಒಟ್ಟು ಆಕಾರದ ಮೇಲೆ. ನೂರು ಹಕ್ಕಿ ಒಮ್ಮೆಲೇ ಹೊರಳಿದರೆ ಮೆಚ್ಚುಗೆ ತಾನಾಗಿ ಬರುತ್ತದೆ. ಆದರೆ ಆ ಹೊರಳು ಈಗ ಅಂಥ ದೊಡ್ಡ ವಿದ್ಯೆಯೇನಲ್ಲ. ಕ್ರೇಗ್ ರೇನಾಲ್ಡ್ಸ್ 1986ರಲ್ಲೇ ‘ಬಾಯ್ಡ್ಸ್’ ಎಂಬ ಪ್ರೋಗ್ರಾಮಿನಲ್ಲಿ ಅದನ್ನು ಮೂರು ನಿಯಮಗಳಿಗೆ ಇಳಿಸಿಬಿಟ್ಟಿದ್ದರು: ಪಕ್ಕದವರಿಗೆ ಬಡಿಯಬೇಡ, ಅವರು ಹೊರಟ ಕಡೆಗೇ ಹೊರಡು, ಅವರ ನಡುವಿನತ್ತ ಸರಿ. ನಾಯಕ ಬೇಕಿಲ್ಲ, ಯಾರೂ ದಾರಿ ಗೆರೆ ಎಳೆದು ಕೊಡಬೇಕಿಲ್ಲ. ಹೀಗಾಗಿ ರಸಿಕರು ಗಮನಿಸಬೇಕಾದ ಜಾಗ ಬೇರೆಯೇ ಇದೆ. ಒಂದು ಪ್ರಾಣಿ ಯಾವಾಗ, ಏಕೆ ಗುಂಪನ್ನು ಬಿಡುತ್ತದೆ, ಮತ್ತೆ ಹೇಗೆ ಬಂದು ಕೂಡಿಕೊಳ್ಳುತ್ತದೆ? ಕಸುಬುದಾರಿಕೆ ಗೊತ್ತಾಗುವುದು ಅಲ್ಲಿ.

ಕೊಪ್ಪಳ ತಾಲ್ಲೂಕಿನ ಅಳವಂಡಿ ಸೀಮೆಯಲ್ಲಿ ಸುಗ್ಗಿ ಮುಗಿದ ಎರೆಹೊಲಗಳಿಗೆ ಇಳಿಯುವ ಕುರಿ ಹಿಂಡನ್ನು ಇದಕ್ಕೆ ಅಳತೆಯಾಗಿ ಇಟ್ಟುಕೊಳ್ಳಬಹುದು. ಮೇಯುವಾಗ ಅದು ಹಿಂಡು ಅನ್ನಿಸುವುದೇ ಇಲ್ಲ. ಒಂದು ತಲೆ ತಗ್ಗಿಸಿ ಕೂಳೆ ಕಡಿಯುತ್ತಿರುತ್ತದೆ, ಮರಿಯೊಂದು ತಾಯಿಗಾಗಿ ಒದರುತ್ತದೆ, ಜೊತೆಗೆ ಬಿಟ್ಟ ಆಡುಗಳು ಜಾಲಿಗಿಡಕ್ಕೆ ಮುಂಗಾಲು ಕೊಟ್ಟು ನಿಂತಿರುತ್ತವೆ. ಕುರಿಗಾರ ಕೂಗು ಹಾಕಿದರೆ ಅಥವಾ ನಾಯಿ ಬೊಗಳಿದರೆ ಚೆದುರಿದ್ದೆಲ್ಲ ಗಳಿಗೆಯಲ್ಲಿ ಒತ್ತಟ್ಟಾಗುತ್ತದೆ. ಮೆರಿನೊ ಕುರಿಗಳ ಚಲನೆಯನ್ನು ಅಳೆದು 2015ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡದ್ದೂ ಇದನ್ನೇ: ಹರಡುವುದು ನಿಧಾನ, ಕೂಡುವುದು ದಿಢೀರ್. ಮೂರು ನಿಯಮಗಳನ್ನು ಸದಾ ಒಂದೇ ತೂಕದಲ್ಲಿ ಓಡಿಸಿದರೆ ಈ ಏರಿಳಿತ ಬರುವುದಿಲ್ಲ. ಹಿಂಡು ಮೇಯುವಾಗಲೂ ಮೆರವಣಿಗೆ ಹೊರಟಂತೆಯೇ ಇರುತ್ತದೆ.

ಗುಂಪಿನ ಸೆಳೆತ, ಒಂಟಿಯ ಆಸೆ ಎರಡನ್ನೂ ಕೂಡಿಸುವುದು ಸುಲಭ ಅನ್ನಿಸಬಹುದು: ಎರಡಕ್ಕೂ ಅಂಕಿ ಕೊಟ್ಟು ಸರಾಸರಿ ತೆಗೆದರಾಯಿತು. ಎಡವಟ್ಟಾಗುವುದೇ ಇಲ್ಲಿ. ಭಯ ಎಡಕ್ಕೆ, ಹಸಿವು ಬಲಕ್ಕೆ ಎಳೆದರೆ ಸರಾಸರಿಯ ಕುರಿ ಎರಡೂ ಬಿಟ್ಟು ನೆಟ್ಟಗೆ ಹೋಗಿ ಬಂಡೆಗೆ ಹಾಯುತ್ತದೆ, ಇಲ್ಲವೇ ನಿಂತಲ್ಲೇ ನಡುಗುತ್ತದೆ. ರೇನಾಲ್ಡ್ಸ್ ತಮ್ಮ 1987ರ ಪ್ರಬಂಧದಲ್ಲೇ ಇದನ್ನು ಎತ್ತಿ, ತುರ್ತಿನದು ಮೊದಲು, ಶಕ್ತಿ ಮಿಕ್ಕರೆ ಉಳಿದದ್ದು ಎಂಬ ಸರದಿಯನ್ನು ಸೂಚಿಸಿದ್ದರು. ಹಾಗಾದರೆ ಒಂಟಿತನಕ್ಕೆ ಜಾಗ ಕೊಟ್ಟಷ್ಟೂ ಹಿಂಡು ಒಡೆಯುವುದಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಎರಡೂ ಎದುರಾಳಿಗಳೆಂದುಕೊಂಡರೆ ಮಾತ್ರ ಆ ಆಕ್ಷೇಪ ನಿಲ್ಲುತ್ತದೆ. ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ 1971ರಲ್ಲಿ ಇದನ್ನು ತಿರುಗಿಸಿ ನೋಡಿದರು: ಪ್ರತಿ ಪ್ರಾಣಿಯೂ ತನಗೂ ಬೇಟೆಗಾರನಿಗೂ ನಡುವೆ ಇನ್ನೊಂದು ಮೈ ಇರಲಿ ಎಂದು ನುಗ್ಗುವುದರಿಂದಲೇ ಗುಂಪು ಬಿಗಿಯಾಗುತ್ತದೆ. ಕುರಿಗಳಿಗೆ ಜಿಪಿಎಸ್ ಕಟ್ಟಿ ನಾಯಿ ಬಿಟ್ಟು ನೋಡಿದ 2012ರ ಅಧ್ಯಯನದಲ್ಲೂ ನಾಯಿ ಹತ್ತಿರವಾದಂತೆ ಅವು ಹಿಂಡಿನ ನಡುವಿಗೆ ಸರಿದದ್ದು ದಾಖಲಾಯಿತು. ಅಂದರೆ ಭಯವನ್ನು ಒಂದೊಂದು ಕುರಿಗೂ ಬೇರೆಬೇರೆಯಾಗಿ ಕೊಟ್ಟು, ಅದು ಏರಿದಂತೆ ಗುಂಪಿನ ಸೆಳೆತವೂ ಏರುವಂತೆ ಕಟ್ಟಿದರೆ ಸಾಕು. ಭಯ ಇಳಿದಾಗ ಹಸಿವು ತಾನೇ ಮೇಲೇಳುತ್ತದೆ.

ಆಡುವವರು ಇಷ್ಟೆಲ್ಲ ಗಮನಿಸುತ್ತಾರೆಯೇ, ಕಂಪ್ಯೂಟರಿಗೆ ಹೊರೆಯಲ್ಲವೇ ಎಂಬ ಪ್ರಶ್ನೆಗೆ ತೂಕವಿದೆ. 2016ರ ‘ಅಬ್ಜೂ’ ಗೇಮಿನ ಸಾವಿರಾರು ಮೀನುಗಳಲ್ಲಿ ಪ್ರತಿಯೊಂದಕ್ಕೂ ಸ್ವಭಾವ ಹುಡುಕುವುದು ಅರಸಿಕತೆ. ಅಲ್ಲಿ ರುಚಿಯೇ ಒಟ್ಟು ಹರಿವಿನದು. ಆದರೆ ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ (2018) ಕುದುರೆಯ ಮೇಲೆ ಕೂತು ಕುರಿ ಹೊಡೆದುಕೊಂಡು ಹೋಗುವ ಸಂದರ್ಭವಿದೆ. ಅಂಥಲ್ಲಿ ಆಡುವವರೇ ಕುರಿಗಾರರಾಗಿಬಿಡುವುದರಿಂದ ಹಿಂದುಳಿದ ಒಂದು ಕುರಿಯೂ ಕಣ್ಣಿಗೆ ಬೀಳುತ್ತದೆ. ದೂರದಲ್ಲಿರುವ ಗುಂಪಿಗೆ ಮೂರೇ ನಿಯಮ ಕೊಟ್ಟು, ಹತ್ತಿರದ ಕೆಲವಕ್ಕಷ್ಟೇ ಹಸಿವು, ದಣಿವು, ಮರಿಯ ಚಿಂತೆ ಕೊಟ್ಟರೆ ಹೊರೆಯೂ ತಗ್ಗುತ್ತದೆ.

ಹೀಗೆ ಕಟ್ಟಿದ ಹಿಂಡಿನ ಪರೀಕ್ಷೆಗೆ ತೋಳ ಒಳ್ಳೆಯದು. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲಲ್ಲಿ ಇಂದಿಗೂ ತೋಳಗಳಿವೆ; ಈ ಭಾಗದ ಕುರಿಗಾರರು ಕಣ್ಣಿಡುವುದು ಹಿಂಡಿನ ಅಂಚಿಗೆ, ಬಾಲಕ್ಕೆ. ಗೇಮಿನಲ್ಲಿ ತೋಳ ಬಿದ್ದಾಗ ಬಲಿಯಾದ ಕುರಿ ಯಾವುದೆಂದು ನೋಡಿ. ಅದು ಕುಂಟುತ್ತಿತ್ತೇ, ಮೇವಿನಾಸೆಗೆ ಹಿಂದೆ ಉಳಿದಿತ್ತೇ, ಮರಿಗಾಗಿ ನಿಂತಿತ್ತೇ? ಯಾವ ಕಾರಣವೂ ಸಿಗದಿದ್ದರೆ ಅಲ್ಲಿ ಹಿಂಡೂ ಇಲ್ಲ, ಕುರಿಯೂ ಇಲ್ಲ. ಒಂದೇ ದಿಕ್ಕಿಗೆ ಜರುಗುವ ಚಿತ್ರಗಳಿವೆ ಅಷ್ಟೆ.