ಜಾವಾನ ಮೇಲಂಗಿ

1977ರಲ್ಲಿ ‘ಸ್ಟಾರ್ ವಾರ್ಸ್’ ತೆರೆಕಂಡಾಗ ಅದರ ಆಟಿಕೆಗಳ ಹಕ್ಕು ಪಡೆದಿದ್ದ ಅಮೆರಿಕದ ಕೆನ್ನರ್ ಕಂಪನಿಯ ಬಳಿ ಬೊಂಬೆಗಳೇ ಸಿದ್ಧವಿರಲಿಲ್ಲ. ಕ್ರಿಸ್‌ಮಸ್ ಬಂದೇಬಿಟ್ಟಿತು. ಕೆನ್ನರ್‌ನವರು ಬಣ್ಣದ ರಟ್ಟಿನ ಲಕೋಟೆಯಲ್ಲಿ ಒಂದು ಚೀಟಿ ಇಟ್ಟು ಮಾರಿದರು. ಚೀಟಿ ಕಳುಹಿಸಿದರೆ ಮುಂದಿನ ವರ್ಷ ನಾಲ್ಕು ಬೊಂಬೆ ಅಂಚೆಯಲ್ಲಿ ಬರುತ್ತವೆ! ಬರೀ ಭರವಸೆಯನ್ನೇ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಆ ಧೈರ್ಯ ನನಗೆ ಇವತ್ತಿಗೂ ಬೆರಗು. ಜನ ಕೊಂಡರು ಕೂಡ.

1978ರಲ್ಲಿ ಕೈಸೇರಿದ ಬೊಂಬೆಗಳದು ಸುಮಾರು ಮೂರೂಮುಕ್ಕಾಲು ಇಂಚಿನ ಅಳತೆ. ಆ ಅಳತೆಯಲ್ಲೇ ಜಾಣತನವಿದೆ: ಬೊಂಬೆ ಚಿಕ್ಕದಾದ್ದರಿಂದ ಅದು ಕೂರುವ ಗಗನನೌಕೆಯನ್ನೂ ಮಾರಬಹುದಾಯಿತು. ಮೊಣಕೈ ಮಡಚದು, ಮೊಣಕಾಲು ಬಾಗದು. ಮುಖದಲ್ಲಿ ನಟರ ಹೋಲಿಕೆ ಹುಡುಕಿದರೆ ನಿರಾಶೆಯೇ. ಆದರೂ ಈಗಿನ ನಾಜೂಕು ಬೊಂಬೆಗಳಿಗಿಂತ ನನಗೆ ಇವೇ ಇಷ್ಟ. ಆಡುವವರಿಗೂ ಸ್ವಲ್ಪ ಕೆಲಸ ಉಳಿಸಿವೆ.

ಸಂಗ್ರಹಕಾರರ ಕಣ್ಣೆಲ್ಲ ಆ ಚಿತ್ರದ ಕುಳ್ಳ ಪಾತ್ರ ಜಾವಾನ ಬೊಂಬೆಯ ಮೇಲೆ. ಮೊದಲು ಅವನಿಗೆ ವಿನೈಲ್ ಮೇಲಂಗಿ ತೊಡಿಸಿದ್ದರು. ಬೇಗನೆ ಅದು ಹೋಗಿ ಬಟ್ಟೆಯದು ಬಂತು. ಹಾಗಾಗಿ ಆ ವಿನೈಲ್ ತುಂಡೇ ಇಂದು ಬೊಂಬೆಗಿಂತ ದುಬಾರಿ. ಓಬಿ-ವಾನ್ ಎಂಬ ಇನ್ನೊಂದು ಪಾತ್ರದ ಬೊಂಬೆಯ ಮೇಲಂಗಿಯನ್ನು ಗಿಡ್ಡಗೆ ಕತ್ತರಿಸಿ ಜಾವಾನಿಗೆ ಹೊದಿಸಿ ಮಾರುವ ಚತುರರೂ ಇದ್ದಾರೆ.