ವಿಶ್ವಾಸ ಪ್ರಮಾಣವನ್ನು ಕೇಳುವ ಬಗೆ

ಕ್ರೈಸ್ತರ ವಿಶ್ವಾಸ ಪ್ರಮಾಣ ಬಾಯಲ್ಲಿ ಹುಟ್ಟಿ ಬಾಯಲ್ಲೇ ಬೆಳೆದ ರಚನೆ. ಒಬ್ಬರೇ ಕೂತು ಓದಿದರೆ ಅದು ಸಿದ್ಧಾಂತಗಳ ಒಣ ಪಟ್ಟಿಯಂತೆ ಕಾಣುತ್ತದೆ. ಇಡೀ ಸಭೆ ಎದ್ದು ನಿಂತು ಹೇಳುವಾಗ ಕೇಳಿದರೆ ಅದರ ಲಯ ತಿಳಿಯುತ್ತದೆ. ಲ್ಯಾಟಿನ್ನಿನಲ್ಲಿ ಅದರ ಮೊದಲ ಪದ 'ಕ್ರೇದೊ', ಎಂದರೆ ನಂಬುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಕ್ರಮ ತಿರುವುಮುರುವಾಗುತ್ತದೆ: ಯಾರನ್ನು ಎಂಬುದು ಮೊದಲು, ನಂಬುವ ಮಾತು ಆಮೇಲೆ. ಗ್ರೀಕರು ಈ ರಚನೆಯನ್ನು 'ಸಿಂಬೊಲೊನ್' ಎಂದು ಕರೆದರು. ಒಂದು ವಸ್ತುವನ್ನು ಎರಡಾಗಿ ಮುರಿದು ಇಬ್ಬರು ಇಟ್ಟುಕೊಂಡು, ಮುಂದೆ ತುಂಡುಗಳನ್ನು ಕೂಡಿಸಿ ಗುರುತು ಹಿಡಿಯುವ ಪದ್ಧತಿಯಿಂದ ಬಂದ ಪದ ಅದು.

ಇದರ ಮೂಲ ಇರುವುದು ನೀರಿನಲ್ಲಿ. ಮೊದಲ ಶತಮಾನಗಳಲ್ಲಿ ದೀಕ್ಷಾಸ್ನಾನಕ್ಕೆ ಇಳಿದವನಿಗೆ ಮೂರು ಪ್ರಶ್ನೆ ಹಾಕುತ್ತಿದ್ದರು: ಪಿತನನ್ನು ನಂಬುತ್ತೀಯಾ, ಸುತನನ್ನು ನಂಬುತ್ತೀಯಾ, ಪವಿತ್ರಾತ್ಮನನ್ನು ನಂಬುತ್ತೀಯಾ. ಪ್ರತಿ ಸಲವೂ ಅವನು ಹೌದೆನ್ನಬೇಕು, ಪ್ರತಿ ಸಲವೂ ಒಂದು ಮುಳುಗು. ಹಿಪ್ಪೊಲಿಟಸನ ಹೆಸರಿನಲ್ಲಿ ಬಂದಿರುವ 'ಅಪೊಸ್ತಲಿಕ ಪರಂಪರೆ' ಎಂಬ ಗ್ರಂಥ ಈ ವಿಧಿಯನ್ನು ವಿವರಿಸುತ್ತದೆ. ಪ್ರಶ್ನೆಗಳು ಕಾಲಕ್ರಮದಲ್ಲಿ ಕಳಚಿಬಿದ್ದು, ಉತ್ತರವೊಂದೇ ಅಖಂಡ ಹೇಳಿಕೆಯಾಗಿ ಉಳಿಯಿತು. ಆದರೂ ಮೂರು ಮುಳುಗಿನ ಗುರುತು ಅದರ ಮೂರು ಭಾಗಗಳಲ್ಲಿದೆ. ಹೊಸಬರು ಮೊದಲು ಗಮನಿಸಬೇಕಾದದ್ದು ಈ ಅಸ್ಥಿಪಂಜರವನ್ನು.

ನಾಲ್ಕನೆಯ ಶತಮಾನದ ಹೊತ್ತಿಗೆ ಇದನ್ನು ಒಪ್ಪಿಸುವುದೇ ಒಂದು ವಿಧಿಯಾಗಿತ್ತು. ದೀಕ್ಷೆಗೆ ಸಿದ್ಧರಾಗುವವರಿಗೆ ಬಿಷಪ್ಪರು ಪಾಠವನ್ನು ಬಾಯಿಮಾತಿನಲ್ಲಿ ಕೊಡುತ್ತಿದ್ದರು. ದೀಕ್ಷಾರ್ಥಿಗಳು ಅದನ್ನು ಕಂಠಪಾಠ ಮಾಡಿ ಮರಳಿ ಒಪ್ಪಿಸಬೇಕಿತ್ತು. ಜೆರುಸಲೇಮಿನ ಸಿರಿಲ್ ತನ್ನ ಶಿಷ್ಯರಿಗೆ ಕಾಗದದ ಮೇಲೆ ಬರೆಯಬೇಡಿ, ಎದೆಯಲ್ಲಿ ಇಟ್ಟುಕೊಳ್ಳಿ ಎಂದು ಕಟ್ಟಪ್ಪಣೆ ಮಾಡಿದ್ದ. ಈ ವಿಧಿಯ ಜೀವಂತ ಚಿತ್ರ ಸಿಗುವುದು ಅಗಸ್ಟೀನನ ಆತ್ಮಕಥನದಲ್ಲಿ. ಮಾರಿಯಸ್ ವಿಕ್ಟೊರಿನಸ್ ರೋಮಿನ ಹೆಸರಾಂತ ವಾಗ್ಮಿ. ಅವನ ಪ್ರತಿಮೆ ನಗರದ ಚೌಕದಲ್ಲೇ ನಿಂತಿತ್ತು. ಮುಪ್ಪಿನಲ್ಲಿ ಅವನು ಕ್ರೈಸ್ತನಾಗಲು ಬಂದಾಗ, ಸಂಕೋಚದವರಿಗೆ ಬಿಡುವಂತೆ ನೀವೂ ಖಾಸಗಿಯಾಗಿ ಒಪ್ಪಿಸಬಹುದು ಎಂದು ಪಾದ್ರಿಗಳು ಹೇಳಿದರು. ಅವನು ಒಪ್ಪಲಿಲ್ಲ. ಬದುಕೆಲ್ಲ ಜನರ ಮುಂದೆ ಮಾತಾಡಿದವನಿಗೆ ಇದೊಂದನ್ನು ಮಾತ್ರ ಮರೆಯಲ್ಲಿ ಹೇಳುವುದು ಸರಿಕಾಣಲಿಲ್ಲ. ಅವನು ಎತ್ತರದ ಜಾಗಕ್ಕೆ ಹತ್ತುತ್ತಿದ್ದಂತೆ ಗುರುತಿದ್ದವರ ಬಾಯಲ್ಲೆಲ್ಲ ಅವನ ಹೆಸರಿನ ಗುಸುಗುಸು. ಮರುಕ್ಷಣ ಕೇಳುವುದಕ್ಕಾಗಿ ಸಭೆಯೆಲ್ಲ ಮೌನ.

ಅಪೊಸ್ತಲರ ವಿಶ್ವಾಸ ಪ್ರಮಾಣ ರೋಮಿನ ಈ ದೀಕ್ಷಾ ಪಾಠದಿಂದ ಬೆಳೆದದ್ದು. ಅಪೊಸ್ತಲರನ್ನು ಕನ್ನಡದ ಕಥೋಲಿಕರು ಪ್ರೇಷಿತರು ಎನ್ನುತ್ತಾರೆ. ಹನ್ನೆರಡು ಮಂದಿ ಅಪೊಸ್ತಲರು ಜಗತ್ತಿನ ದಿಕ್ಕುದಿಕ್ಕಿಗೆ ಹೊರಡುವ ಮುನ್ನ ಕೂಡಿ ಇದನ್ನು ರಚಿಸಿದರು ಎಂಬ ಐತಿಹ್ಯವನ್ನು ಸುಮಾರು 404ರಲ್ಲಿ ಬರೆದ ರುಫಿನಸ್ ದಾಖಲಿಸಿದ್ದಾನೆ. ಚೆಂದದ ಕಥೆ, ಚರಿತ್ರೆಯಲ್ಲ: ಇಂದಿನ ರೂಪದ ಪಾಠ ಮೊದಲು ಕಾಣಿಸುವುದು ಎಂಟನೆಯ ಶತಮಾನದಲ್ಲಿ.

ಇದನ್ನು ಕೇಳುವಾಗ ನಡುವಿನ ಭಾಗದ ಕ್ರಿಯಾಪದಗಳ ಮೇಲೆ ಕಿವಿ ಇರಬೇಕು. ಮೊದಲ ಭಾಗ ಚಿಕ್ಕದು. ಮೂರನೆಯದು ಸಭೆ, ಪಾಪಕ್ಷಮೆ, ಪುನರುತ್ಥಾನ ಎಂದು ಸರಸರನೆ ಎಣಿಸಿಕೊಂಡು ಹೋಗುತ್ತದೆ. ನಡುವಿನದು ಮಾತ್ರ ಕಥೆ. ಹುಟ್ಟು, ಯಾತನೆ, ಸಾವು, ಸಮಾಧಿ, ಮತ್ತೆ ಏಳುವುದು, ಏರಿಹೋಗುವುದು ಎಲ್ಲವೂ ಭೂತಕಾಲದಲ್ಲಿ ಒಂದರ ಬೆನ್ನಿಗೊಂದು ಬರುತ್ತವೆ. ಪಿತನ ಬಲಗಡೆ ಕುಳಿತಿರುವುದು ವರ್ತಮಾನಕಾಲ, ತೀರ್ಪಿಗೆ ಬರುವುದು ಭವಿಷ್ಯತ್ತು. ಕೆಲವೇ ಉಸಿರಿನಲ್ಲಿ ಮೂರು ಕಾಲ ದಾಟುವ ಈ ಜಾಣ್ಮೆ ಮೊದಲ ಸಲಕ್ಕೆ ಗಮನಕ್ಕೆ ಬರುವುದಿಲ್ಲ. ಇಲ್ಲಿ ಯೇಸುವಿನ ಬೋಧನೆಯಿಲ್ಲ, ದೃಷ್ಟಾಂತ ಕಥೆಯಿಲ್ಲ, ಪವಾಡವಿಲ್ಲ. ಹುಟ್ಟಿನಿಂದ ನೇರ ಯಾತನೆಗೆ ಜಿಗಿತ. ಯೇಸುವನ್ನು ಬಿಟ್ಟರೆ ಹೆಸರು ಹಿಡಿದು ಹೇಳಿದ ಮನುಷ್ಯರು ಇಬ್ಬರೇ, ತಾಯಿ ಮರಿಯ ಮತ್ತು ರೋಮನ್ ಅಧಿಕಾರಿ ಪೊಂತಿಯ ಪಿಲಾತ. ಪಿಲಾತ ಅಲ್ಲಿ ನಿಂತಿರುವುದು ತಾರೀಖಿನ ಹಾಗೆ. ಇದು ಒಂದಾನೊಂದು ಕಾಲದ ಕಥೆಯಲ್ಲ, ಇಂಥವನ ಆಳ್ವಿಕೆಯಲ್ಲಿ ನಡೆದದ್ದು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ನೈಸೀಯ ಪ್ರಮಾಣದ ದನಿ ಬೇರೆ. ಅಲೆಕ್ಸಾಂಡ್ರಿಯದ ಏರಿಯಸ್ ಎಂಬ ಪಾದ್ರಿ ಸುತನನ್ನೂ ಪಿತನೇ ಉಂಟುಮಾಡಿದ, ಹಾಗಾಗಿ ಸುತನಿಲ್ಲದ ಒಂದು ಹಂತವಿತ್ತು ಎಂದು ಬೋಧಿಸಿದ್ದ. ಜಗಳ ಬೆಳೆದು, ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪ್ಪರನ್ನು ನೈಸೀಯಕ್ಕೆ, ಇಂದಿನ ತುರ್ಕಿಯ ಇಜ್ನಿಕ್ ಊರಿಗೆ, ಕರೆಸಿದ. ಅಲ್ಲಿ ಕಟ್ಟಿದ ಪಾಠ 'ನಾವು ನಂಬುತ್ತೇವೆ' ಎಂಬ ಬಹುವಚನದಲ್ಲಿದೆ. ದೀಕ್ಷೆಗೆ ಬಂದ ಒಬ್ಬನ ಉತ್ತರ ಬಿಷಪ್ಪರ ಮಂಡಳಿಯ ನಿರ್ಣಯವಾಗಿತ್ತು. ಸುತನ ವಿಷಯ ಬಂದಲ್ಲಿ ವಾಕ್ಯ ಮುಂದೆ ಸಾಗದೆ ಒಂದೇ ಅರ್ಥವನ್ನು ಮತ್ತೆ ಮತ್ತೆ ಬಿಗಿಯುತ್ತದೆ. ಜಗಳವಾಡಿದ ಜಾಗ ಅದೇ. 'ಹೋಮೊಊಸಿಯೊಸ್', ಎಂದರೆ ಪಿತನದೇ ಸತ್ವದವನು, ಎಂಬ ಪದ ಬೈಬಲ್ಲಿನಲ್ಲಿ ಇಲ್ಲದ್ದರಿಂದ ಹಲವು ಬಿಷಪ್ಪರಿಗೆ ಅದು ಇರುಸುಮುರುಸಾಗಿತ್ತು. ಪಾಠದ ಕೊನೆಗೆ ಏರಿಯಸ್‌ನ ವಾದ ಹಿಡಿದವರಿಗೆ ಶಾಪವನ್ನೂ ಸೇರಿಸಿದ್ದರು.

ಇಂದು ಚರ್ಚುಗಳಲ್ಲಿ ನೈಸೀಯ ಪ್ರಮಾಣವೆಂದು ಕೇಳಿಬರುವುದು 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ ರೂಪ. ಅದರಲ್ಲಿ ಶಾಪವಿಲ್ಲ, ಪವಿತ್ರಾತ್ಮನ ಭಾಗ ಹಿಗ್ಗಿದೆ. ಆದರೆ 'ಹೋಮೊಊಸಿಯೊಸ್' ಪದವನ್ನು ಪವಿತ್ರಾತ್ಮನಿಗೆ ಬಳಸಿಲ್ಲ. ಪಿತ ಮತ್ತು ಸುತರ ಜತೆಗೇ ಆರಾಧನೆ ಸಲ್ಲುತ್ತದೆ ಎಂದಷ್ಟೇ ಹೇಳಿ, ಅರ್ಥವನ್ನು ಆರಾಧಿಸುವವರ ನಡೆಗೆ ಬಿಟ್ಟಿದೆ. ಒಂದು ಪದಕ್ಕಾಗಿ ಅರ್ಧ ಶತಮಾನ ಹೋರಾಡಿದ್ದವರ ಈ ಸಂಯಮ ಮೆಚ್ಚುವಂಥದು.

ಈ ಪಾಠ ಪ್ರತಿವಾರದ ಪೂಜೆಗೆ ಬಂದದ್ದು ತಡವಾಗಿ. ಐದನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ, ಆರನೆಯದರ ಆರಂಭದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ, 589ರಲ್ಲಿ ಸ್ಪೇನಿನ ತೊಲೇದೊ ಸಭೆಯ ಆಜ್ಞೆಯಿಂದ ಅಲ್ಲಿನ ಚರ್ಚುಗಳಲ್ಲಿ ರೂಢಿಯಾಯಿತು. ಪಶ್ಚಿಮದವರು ಪವಿತ್ರಾತ್ಮ ಪಿತನಿಂದ 'ಮತ್ತು ಸುತನಿಂದ' ಹೊರಡುತ್ತಾನೆ ಎಂದು ಸೇರಿಸಿದರು. ಲ್ಯಾಟಿನ್ನಿನಲ್ಲಿ 'ಫಿಲಿಯೊಕ್ವೆ', ಒಂದೇ ಪದ. ಪೋಪ್ ಮೂರನೆಯ ಲಿಯೊ ಆ ಸಿದ್ಧಾಂತವನ್ನು ಒಪ್ಪಿದರೂ ಪಾಠಕ್ಕೆ ಕೈಹಾಕಲು ಒಪ್ಪದೆ, ಅದಿಲ್ಲದ ಪಾಠವನ್ನೇ ಗ್ರೀಕ್ ಮತ್ತು ಲ್ಯಾಟಿನ್ನಿನಲ್ಲಿ ಬೆಳ್ಳಿಯ ಫಲಕಗಳ ಮೇಲೆ ಕೆತ್ತಿಸಿ ರೋಮಿನಲ್ಲಿ ಇಡಿಸಿದ. 1014ರಲ್ಲಿ ರೋಮ್ ಕೂಡ ಮಣಿಯಿತು. ಪೂರ್ವದ ಆರ್ಥಡಾಕ್ಸ್ ಸಭೆಗಳು ಇಂದಿಗೂ ಆ ಪದವಿಲ್ಲದೆಯೇ ಹೇಳುತ್ತವೆ. ಅವರ ಪೂಜೆಯಲ್ಲಿ ಪ್ರಮಾಣಕ್ಕೆ ಮುಂಚೆ ಸೇವಕ ಬಾಗಿಲುಗಳ ಬಗ್ಗೆ ಕೂಗಿ ಎಚ್ಚರಿಸುತ್ತಾನೆ. ದೀಕ್ಷೆಯಾಗದವರನ್ನು ಹೊರಗೆ ಕಳುಹಿಸಿ ಕದ ಕಾಯುತ್ತಿದ್ದ ಕಾಲದ ಉಳಿಕೆ ಅದು.

ಸಂಗೀತದ ದಾರಿಯಿಂದ ಬರುವವರಿಗೆ ಬಾಖ್‌ನ ಬಿ ಮೈನರ್ ಮಾಸ್ ಒಳ್ಳೆಯ ಹೆಬ್ಬಾಗಿಲು. ಅಲ್ಲಿ ನೈಸೀಯ ಪ್ರಮಾಣ ಒಂಬತ್ತು ಭಾಗಗಳಲ್ಲಿದೆ, ನಟ್ಟನಡುವೆ ಶಿಲುಬೆಯ ಸಾವು. ಕೆಳಸ್ವರದ ಒಂದೇ ಎಳೆ ಮತ್ತೆ ಮತ್ತೆ ಇಳಿಯುತ್ತಾ ಹೋಗಿ ದನಿಗಳು ಅಡಗುತ್ತವೆ. ಮರುಕ್ಷಣ ಕಹಳೆಗಳೊಡನೆ ಪುನರುತ್ಥಾನ.

ಚರ್ಚಿನಲ್ಲೇ ಕೇಳಬೇಕೆನ್ನುವವರು ಭಾನುವಾರದ ಕಥೋಲಿಕ ಪೂಜೆಗೆ ಹೋಗಬಹುದು. ಪ್ರಬೋಧನೆ ಮುಗಿದ ಕೂಡಲೇ ಜನ ಎದ್ದು ನಿಲ್ಲುತ್ತಾರೆ. ದೇವರು ಮನುಷ್ಯನಾದ ಎಂಬ ಮಾತು ಬಂದಾಗ ತಲೆ ಬಾಗಿಸಬೇಕೆಂಬುದು ವಿಧಿ. ವರ್ಷಕ್ಕೆ ಎರಡು ದಿನ, ಕ್ರಿಸ್‌ಮಸ್ ಮತ್ತು ಮರಿಯಳಿಗೆ ದೇವದೂತ ಸುದ್ದಿ ತಂದ ಹಬ್ಬದಂದು, ಆ ಮಾತಿಗೆ ಎಲ್ಲರೂ ಮಂಡಿಯೂರುತ್ತಾರೆ.